ಮಿಡಿಸೌತೆ ಗರಿಗರಿಯಾಗಿರಲು

ಬರ್ಗರ್ ಕಚ್ಚಿದಾಗ ಕರುಂ ಎನ್ನುವ ಗರ್ಕಿನ್, ಅಂದರೆ ಮಿಡಿಸೌತೆಯ ಬೇಸಾಯ ಭಾರತದಲ್ಲಿ ಶುರುವಾದದ್ದು ಕರ್ನಾಟಕದಲ್ಲಿ, 1990ರ ದಶಕದ ಆರಂಭದಲ್ಲಿ. ರೈತರು ಬೆಳೆದ ಮಿಡಿ ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಮುಳುಗಿ ಹಡಗು ಹತ್ತುತ್ತದೆ. ತಿಂಗಳುಗಟ್ಟಲೆ ನೆನೆದರೂ ಅದು ಮೆತ್ತಗಾಗದಂತೆ ತಡೆಯಲು ನೆರವಾಗುವುದು ಕ್ಯಾಲ್ಸಿಯಂ ಕ್ಲೋರೈಡ್. ಇದರ ಕ್ಯಾಲ್ಸಿಯಂ ತರಕಾರಿಯ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಚೀಸ್ ತಯಾರಕರೂ ಇದನ್ನು ಉಪ್ಪುನೀರಿಗೆ ಬೆರೆಸುತ್ತಾರೆ. ಇಲ್ಲವಾದರೆ ಚೀಸ್ ಗಡ್ಡೆಯ ಕ್ಯಾಲ್ಸಿಯಂ ನೀರಿಗಿಳಿದು ಮೇಲ್ಮೈ ಲೋಳೆಯಾಗುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್‌ನ ದೊಡ್ಡ ಶತ್ರು ತೇವ.

ಮಳೆಗಾಲದ ಗಾಳಿಗೆ ಪೊಟ್ಟಣ ಬಿಚ್ಚಿಟ್ಟರೆ ಹರಳು ತೇವ ಹೀರಿ ಗಟ್ಟಿಯಾಗಿ, ಕೊನೆಗೆ ತಾನೇ ನೀರಾಗಿಬಿಡುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೇ ಸರಿ. ದ್ರಾವಣವನ್ನು ಲೋಹದ ಪಾತ್ರೆಯಲ್ಲಿ ಇಡಬಾರದು. ಕ್ಲೋರೈಡ್ ಸ್ಟೀಲನ್ನೂ ತಿನ್ನುತ್ತದೆ.

ಕರಗಿಸುವಾಗ ಇನ್ನೂ ಎಚ್ಚರ ಬೇಕು. ನೀರಿಲ್ಲದ ಪುಡಿ ಕರಗುತ್ತಾ ತಾನೇ ಬಿಸಿ ಕಾರುತ್ತದೆ. ಆದ್ದರಿಂದ ತಣ್ಣೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ ಕಲಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಇರಲಿ. ದ್ರಾವಣ ಆರಿದ ಮೇಲೆಯೇ ತರಕಾರಿ ಹಾಕಿ.

ಅಳತೆಯಲ್ಲೂ ಒಂದು ಸೂಕ್ಷ್ಮವಿದೆ: 100 ಗ್ರಾಂ ನೀರಿಲ್ಲದ ಪುಡಿಗೆ ಸಮ ಸುಮಾರು 132 ಗ್ರಾಂ ಡೈಹೈಡ್ರೇಟ್, ಅಂದರೆ ನೀರು ಕೂಡಿದ ಹರಳು. ಹೆಚ್ಚಾದರೆ ಬಾಯಿ ಕಹಿ. ಇದು ಉಪ್ಪಿಗೆ ಬದಲಿಯಲ್ಲ, ಕೆಡದಂತೆ ಕಾಯುವ ಕೆಲಸ ಉಪ್ಪು ಮತ್ತು ಹುಳಿಯದ್ದೇ. ಕೊಳ್ಳುವಾಗ ಆಹಾರ ದರ್ಜೆ ಎಂಬ ಗುರುತು, 509 ಸಂಖ್ಯೆ ನೋಡಿಯೇ ತನ್ನಿ. ಕೈಗಾರಿಕೆಗೆ ಮಾರುವ ಅಗ್ಗದ ಚೀಲ ಅಡುಗೆಮನೆಗೆ ಬೇಡ.