ಮೂಗುಬೊಟ್ಟಿನ ವಜ್ರ

ನನ್ನ ಚಿಕ್ಕಮ್ಮನ ಮೂಗಿನಲ್ಲಿ ಒಂದು ಬೊಟ್ಟು ಇತ್ತು. ಫಳಫಳ ಹೊಳೆಯುತ್ತಿತ್ತು. ಹಾಲು ಮಾರಿ ಕೂಡಿಟ್ಟ ಹಣದಲ್ಲಿ ಕೊಂಡದ್ದು. ವಜ್ರದ ಬೊಟ್ಟು ಎಂದೇ ನಾವೆಲ್ಲ ತಿಳಿದಿದ್ದೆವು.

ಕೆಲವು ವರ್ಷ ಕಳೆಯಿತು. ಮಗನ ಫೀಸಿಗೆ ಹಣ ಬೇಕಾಯಿತು. ಚಿಕ್ಕಮ್ಮ ಬೊಟ್ಟನ್ನು ಅಡವಿಡಲು ಹೋದರು. ಅಲ್ಲಿದ್ದವರು ಭೂತಗನ್ನಡಿ ಹಿಡಿದು ನೋಡಿದರು. "ಚಿನ್ನಕ್ಕೆ ಮಾತ್ರ ದುಡ್ಡು ಕೊಡ್ತೀವಮ್ಮ. ಕಲ್ಲಿಗೆ ಏನೂ ಇಲ್ಲ" ಅಂದರು.

ಹಳೆಯ ರಸೀದಿ ತೆಗೆದು ನೋಡಿದೆವು. ಹರಳಿನ ಮುಂದೆ ಎರಡೇ ಅಕ್ಷರ ಇತ್ತು. ಎ.ಡಿ. ಹಾಗೆಂದರೆ ಅಮೆರಿಕನ್ ಡೈಮಂಡ್. ಹೆಸರಿನಲ್ಲಿ ಡೈಮಂಡ್ ಇದೆ, ಆದರೆ ಅದು ವಜ್ರ ಅಲ್ಲ. ಕಾರ್ಖಾನೆಯಲ್ಲಿ ಮಾಡುವ ಅಗ್ಗದ ಕಲ್ಲು. ಮಾರಿದವನು ವಜ್ರದ ಬೆಲೆ ಇಸ್ಕೊಂಡಿದ್ದ. ರಸೀದಿಯಲ್ಲಿ ಮಾತ್ರ ನಿಜ ಬರೆದಿದ್ದ. ಈಯಮ್ಮನಿಗೆ ಓದಲು ಬರೋದಿಲ್ಲ ಅಂತ ಅವನಿಗೆ ಗೊತ್ತಿತ್ತು!

ಚಿಕ್ಕಮ್ಮ ಆಮೇಲೆ ಓದು ಕಲಿತರು. ಮಗಳ ಮದುವೆ ಬಂತು. ಮಗಳಿಗೂ ಮೂಗುಬೊಟ್ಟು ಆಗಬೇಕಲ್ಲ? ಸಂಘದ ಉಳಿತಾಯದಿಂದ 15 ಸಾವಿರ ರೂಪಾಯಿ ತೆಗೆದರು. "ಕೂಲಿ, ತೆರಿಗೆ ಎಲ್ಲಾ ಸೇರಿ ಇಷ್ಟೇ. ಇದರ ಮೇಲೆ ಒಂದು ರೂಪಾಯಿ ಇಲ್ಲ" ಅಂದರು. ನಾನೂ ಜೊತೆಗೆ ಹೋದೆ.

ಅಂಗಡಿಯಲ್ಲಿ ಮೊದಲು ಕೇಳುವ ಮಾತು ಕ್ಯಾರೆಟ್. ಇಲ್ಲಿ ಒಂದು ತೊಡಕು ಇದೆ. ಚಿನ್ನಕ್ಕೂ ಕ್ಯಾರೆಟ್ ಅನ್ನುತ್ತಾರೆ, ವಜ್ರಕ್ಕೂ ಅನ್ನುತ್ತಾರೆ. ಎರಡೂ ಬೇರೆ ಬೇರೆ. ಚಿನ್ನದಲ್ಲಿ ಅದು ಶುದ್ಧತೆಯ ಲೆಕ್ಕ. ವಜ್ರದಲ್ಲಿ ತೂಕದ ಲೆಕ್ಕ. 5 ಕ್ಯಾರೆಟ್ ಸೇರಿದರೆ 1 ಗ್ರಾಂ. ಒಂದು ಕ್ಯಾರೆಟ್ಟಿಗೆ 100 ಸೆಂಟು. ಮೂಗುಬೊಟ್ಟಿಗೆ 5 ರಿಂದ 10 ಸೆಂಟಿನ ಹರಳು ಸಾಕು. ರಸೀದಿಯಲ್ಲಿ 7 ಸೆಂಟನ್ನು 0.07 ಎಂದು ಬರೆಯುತ್ತಾರೆ. ಬಿಂದುವಿನ ಆಚೆಯ ಸೊನ್ನೆಯನ್ನು ಮರೆಯದೆ ಓದಿ.

ಅಂಗಡಿ ಹುಡುಗ ಎರಡು ದುಂಡು ಹರಳಿನ ಬೊಟ್ಟು ಇಟ್ಟ. ಒಂದು 10 ಸೆಂಟು, ಇನ್ನೊಂದು 7 ಸೆಂಟು. ಬೆಲೆ ಹೆಚ್ಚುಕಡಿಮೆ ಒಂದೇ. "ದೊಡ್ಡದೇ ತಗೊಳ್ಳಿ ಅಮ್ಮ, ಲಾಭ" ಅಂದ. ನನಗೂ ಹಾಗೇ ಅನ್ನಿಸಿತು. ಚಿಕ್ಕಮ್ಮ ಎರಡನ್ನೂ ಬಾಗಿಲ ಹತ್ತಿರ ತಂದರು. ಅಂಗಡಿಯ ದೀಪದ ಕೆಳಗೆ ಗಾಜಿನ ಚೂರೂ ಹೊಳೆಯುತ್ತದೆ. ಹಗಲು ಬೆಳಕಿನಲ್ಲಿ ನೋಡಬೇಕು. ಅಲ್ಲಿ ದೊಡ್ಡ ಹರಳಿನ ನಡುಭಾಗ ಮಂಕಾಗಿ ಕಂಡಿತು. ಚಿಕ್ಕದು ಸ್ವಲ್ಪ ಅಲುಗಿಸಿದರೂ ಮಿಂಚುತ್ತಿತ್ತು.

ಹೀಗೇಕೆ? ಎಲ್ಲಾ ಇರುವುದು ಕಟ್ಟಿಂಗಿನಲ್ಲಿ. ದುಂಡು ವಜ್ರಕ್ಕೆ ಸಾಣೆ ಹಿಡಿದು 57 ಅಥವಾ 58 ಸಣ್ಣ ಸಣ್ಣ ಮುಖ ಮಾಡುತ್ತಾರೆ. ಮೇಲಿನಿಂದ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ತಾಗುತ್ತದೆ. ಕನ್ನಡಿಗೆ ತಾಗಿದ ಹಾಗೆ ತಿರುಗಿ ಮೇಲೆ ಬರುತ್ತದೆ. ಅದೇ ಹೊಳಪು. ಹರಳಿನ ಹೊಟ್ಟೆ ತೀರಾ ಆಳವಾದರೆ ಬೆಳಕು ಕೆಳಗೇ ಸೋರಿಹೋಗುತ್ತದೆ. ತೀರಾ ತೆಳುವಾದರೂ ಹಾಗೇ. ಹೊಟ್ಟೆ ಆಳವಾದ ಹರಳು ತೂಗುತ್ತದೆ, ಆದರೆ ಮೇಲಿನಿಂದ ಅಷ್ಟು ದೊಡ್ಡದು ಕಾಣುವುದಿಲ್ಲ. ಕಾಣದ ಹೊಟ್ಟೆಗೆ ನಾವು ದುಡ್ಡು ಕೊಡಬೇಕೇ? ಸಣ್ಣ ಹರಳಿನಲ್ಲಿ ಸಿಂಗಲ್ ಕಟ್ ಎಂಬುದೂ ಉಂಟು. ಅದಕ್ಕೆ 17 ಅಥವಾ 18 ಮುಖ ಮಾತ್ರ. "ಫುಲ್ ಕಟ್ಟೋ, ಸಿಂಗಲ್ ಕಟ್ಟೋ?" ಎಂದು ಬಾಯಿಬಿಟ್ಟು ಕೇಳಿ.

ಗಾತ್ರದ ಆಸೆ ಬೇಡ ಅನ್ನಲು ಇನ್ನೂ ಒಂದು ಕಾರಣ ಇದೆ. 5 ಸೆಂಟಿನ ದುಂಡು ಹರಳಿನ ಅಗಲ ಸುಮಾರು ಎರಡೂವರೆ ಮಿಲಿಮೀಟರ್. 10 ಸೆಂಟಿನದು ಸುಮಾರು 3 ಮಿಲಿಮೀಟರ್. ತೂಕ ಎರಡರಷ್ಟಾದರೂ ಅಗಲ ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚು! ಮಕ್ಕಳ ಸ್ಕೇಲಿನಲ್ಲಿ ಅಳೆದು ನೋಡಿ.

ಬಣ್ಣ, ಕಲೆ ಎಂದೂ ಹೇಳುತ್ತಾರೆ. ಬಣ್ಣವೇ ಇಲ್ಲದ ಹರಳಿಗೆ ಡಿ ಎಂಬ ಇಂಗ್ಲಿಷ್ ಅಕ್ಷರ. ಅಲ್ಲಿಂದ ಝಡ್ ತನಕ ಹಳದಿ ಹೆಚ್ಚುತ್ತಾ ಹೋಗುತ್ತದೆ. ನಮ್ಮ ಬೊಟ್ಟು ಹಳದಿ ಚಿನ್ನದ್ದು. ಅದರಲ್ಲಿ ಕೂತ ಹರಳಿನ ಚೂರು ಹಳದಿ ಕಣ್ಣಿಗೆ ಬೀಳುವುದಿಲ್ಲ. ಎಚ್, ಐ ಆದರೂ ನಡೆಯುತ್ತದೆ. ಹಾಗೆಯೇ ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಕಲೆಗೆ ಹೆದರಬೇಕಿಲ್ಲ. ಬರಿಗಣ್ಣಿಗೆ ಕಪ್ಪು ಚುಕ್ಕೆ ಕಂಡರೆ, ಅಂಚು ಒಡೆದಿದ್ದರೆ ಬೇಡ ಅನ್ನಿ. ಇಲ್ಲಿ ಉಳಿದ ಹಣವನ್ನು ಒಳ್ಳೆಯ ಕಟ್ಟಿಂಗಿಗೆ ಹಾಕಿ.

ಈಗ ಯಂತ್ರದಲ್ಲಿ ಬೆಳೆಸಿದ ವಜ್ರವೂ ಬಂದಿದೆ. ಲ್ಯಾಬ್ ವಜ್ರ ಅನ್ನುತ್ತಾರೆ. ಅದು ಎ.ಡಿ. ಅಲ್ಲ, ವಜ್ರವೇ. ಬರಿಗಣ್ಣಿನಿಂದ ಗುರುತಿಸಲು ಆಗುವುದಿಲ್ಲ, ಯಂತ್ರದಲ್ಲಿ ಪರೀಕ್ಷೆ ಮಾಡಬೇಕು. ಬೆಲೆ ಬಹಳ ಕಡಿಮೆ. ಹಾಕಿಕೊಳ್ಳಲು ಚೆನ್ನ. ಆದರೆ ಕಷ್ಟಕಾಲದಲ್ಲಿ ಮಾರಲು ಹೋದರೆ ಹೆಚ್ಚೇನೂ ಸಿಗುವುದಿಲ್ಲ. ಅಗ್ಗದ ಬೆಲೆಗೆ ತಿಳಿದು ಕೊಂಡರೆ ತಪ್ಪಿಲ್ಲ. ಗಣಿಯ ವಜ್ರದ ಬೆಲೆ ಕೊಟ್ಟು ಅದನ್ನು ತರಬೇಡಿ.

ಹಾಲ್‌ಮಾರ್ಕ್ ಮುದ್ರೆ ಇದ್ದರೆ ಎಲ್ಲಾ ಸರಿ ಎಂದು ತಿಳಿಯಬೇಡಿ. ಅದು ಚಿನ್ನದ ಮಾತು, ಹರಳಿನದಲ್ಲ. 916 ಎಂದರೆ 22 ಕ್ಯಾರೆಟ್, 750 ಎಂದರೆ 18 ಕ್ಯಾರೆಟ್. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಮುದ್ರೆ ಕಡ್ಡಾಯವೂ ಅಲ್ಲ. ಮೂಗುಬೊಟ್ಟು ಅಷ್ಟು ತೂಗುವುದೆಲ್ಲಿ? ಹಾಗಾಗಿ ರಸೀದಿಯೇ ನಮಗೆ ಆಧಾರ.

ರಸೀದಿಯಲ್ಲಿ ಚಿನ್ನದ ತೂಕ ಬೇರೆ, ಹರಳಿನ ತೂಕ ಬೇರೆ ಇರಬೇಕು. ಹರಳನ್ನು ಚಿನ್ನದ ಜೊತೆ ತೂಗಿ ಚಿನ್ನದ ಬೆಲೆಯನ್ನೂ ಹಾಕಬಾರದು. ಹರಳು ಗಣಿಯದೋ, ಲ್ಯಾಬಿನದೋ ಬರೆಸಿ. ಕೂಲಿ ಎಷ್ಟು, ಜಿ.ಎಸ್.ಟಿ. ಎಷ್ಟು ನೋಡಿ. ವಾಪಸು ಕೊಟ್ಟರೆ ಎಷ್ಟು ಕೊಡುತ್ತಾರೆ ಎಂಬುದನ್ನೂ ಬರೆಸಿ. ಚಿಕ್ಕಮ್ಮ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಹಿಂದೆ ಗಿರಾಕಿಗಳು ಕಾಯುತ್ತಿದ್ದರು. "ಕಾಯಲಿ ಬಿಡು" ಅಂದರು. 7 ಸೆಂಟಿನ ಬೊಟ್ಟು 15 ಸಾವಿರದ ಒಳಗೇ ಬಂತು.

ಮೋಸ ಆಯಿತು ಅನ್ನಿಸಿದರೆ 1915 ನಂಬರಿಗೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಕೊಂಡ ಬೆಲೆ 5 ಲಕ್ಷ ರೂಪಾಯಿ ತನಕ ಇದ್ದರೆ ದೂರಿಗೆ ಶುಲ್ಕ ಇಲ್ಲ. ರಸೀದಿ ಮಾತ್ರ ಬೇಕೇ ಬೇಕು.

ಇನ್ನು ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಎಣ್ಣೆ, ಅರಿಶಿನ ಕೂತರೆ ಹೊಳಪು ಮಂಕಾಗುತ್ತದೆ. ಆಗಾಗ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ. ಬಚ್ಚಲಲ್ಲಿ ಬೇಡ, ಬಟ್ಟಲಲ್ಲಿ ತೊಳೆಯಿರಿ.