ಗ್ಲಯಾ ಕೋಶಗಳಿಗೂ ಕಿವಿಯುಂಟು

ಮನುಷ್ಯರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಗ್ಲಯಾ ಕೋಶಗಳೂ ಇವೆ. ಆದರೆ 19ನೇ ಶತಮಾನದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಇವನ್ನು ನರಕೋಶಗಳನ್ನು ಹಿಡಿದಿಡುವ ಅಂಟು ಎಂದ ಮೇಲೆ, ಬಹುಕಾಲ ಇವುಗಳ ಪಾಲಿಗೆ ಉಳಿದದ್ದು ಆಸರೆ, ಆರೈಕೆ, ಕಸ ತೆಗೆಯುವ ಕೆಲಸ ಮಾತ್ರ.

ನರಕೋಶಗಳು ಪರಸ್ಪರ ಸಂದೇಶ ಕಳಿಸುವುದು ಗ್ಲುಟಮೇಟ್‌ನಂಥ ರಾಸಾಯನಿಕಗಳ ಮೂಲಕ. ಅವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳೇ ಗ್ರಾಹಕಗಳು. ಇಂಥ ಗ್ರಾಹಕಗಳು ಗ್ಲಯಾ ಕೋಶಗಳ ಪೊರೆಯ ಮೇಲೂ ಇವೆ. ಆದರೆ ಆಸ್ಟ್ರೋಸೈಟ್ ಎಂಬ ಪ್ರಮುಖ ಗ್ಲಯಾ ಕೋಶ ನರಕೋಶದಂತೆ ವಿದ್ಯುತ್ ಮಿಡಿತ ಹೊಮ್ಮಿಸುವುದಿಲ್ಲ. ಹೀಗಾಗಿ ಎಲೆಕ್ಟ್ರೋಡ್ ಹಿಡಿದು ಕೂತವರಿಗೆ ಅದು ಮೌನಿಯಾಗಿಯೇ ಕಂಡಿತು.

1990ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆನ್ ಕಾರ್ನೆಲ್-ಬೆಲ್, ಸ್ಟೀಫನ್ ಸ್ಮಿತ್ ಮತ್ತವರ ಸಂಗಡಿಗರು ಬೇರೆ ದಾರಿ ಹಿಡಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳಿಗೆ, ಕ್ಯಾಲ್ಸಿಯಂ ಹೆಚ್ಚಿದಾಗ ಬೆಳಗುವ ಬಣ್ಣ ತುಂಬಿ ಗ್ಲುಟಮೇಟ್ ಹಾಕಿದರು. ಕೋಶದಿಂದ ಕೋಶಕ್ಕೆ ಕ್ಯಾಲ್ಸಿಯಂ ಅಲೆಗಳು ಹರಿದವು. ಮೌನಿ ಎನಿಸಿಕೊಂಡಿದ್ದ ಕೋಶ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಆದರೆ ಗ್ರಾಹಕ ಸಿಕ್ಕಮಾತ್ರಕ್ಕೆ ಅದರ ಕೆಲಸ ತಿಳಿದಂತಾಗಲಿಲ್ಲ. ಎಂಗ್ಲೂಆರ್5 ಎಂಬ ಗ್ಲುಟಮೇಟ್ ಗ್ರಾಹಕ ಎಳೆಯ ಇಲಿಗಳ ಆಸ್ಟ್ರೋಸೈಟ್‌ಗಳಲ್ಲಿ ಹೇರಳವಾಗಿದ್ದು, ಹುಟ್ಟಿದ ಮೂರು ವಾರಗಳ ಬಳಿಕ ಕಾಣೆಯಾಗುತ್ತದೆಂದು 2013ರ ಒಂದು ಅಧ್ಯಯನ ತೋರಿಸಿತು. ಅದುವರೆಗಿನ ಬಹಳಷ್ಟು ಸಿದ್ಧಾಂತಗಳಿಗೆ ಎಳೆಯ ಪ್ರಾಣಿಗಳ ಕೋಶಗಳೇ ಆಧಾರವಾಗಿದ್ದವು. ತಟ್ಟೆಯಲ್ಲಿ ಕಂಡದ್ದನ್ನು ಬದುಕಿರುವ ಮಿದುಳಿನಲ್ಲೇ ಪರೀಕ್ಷಿಸಬೇಕಿತ್ತು.

ಅದಕ್ಕೆ ಒದಗಿಬಂದದ್ದು ಜೀಬ್ರಾ ಮೀನಿನ ಪಾರದರ್ಶಕ ಮರಿ. ಅಮೆರಿಕದ ಜೆನೀಲಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮರಿಯನ್ನು ಕದಲದಂತೆ ಇರಿಸಿ, ಸುತ್ತ ದೃಶ್ಯವೊಂದನ್ನು ಬಿತ್ತರಿಸಿದರು. ಎಷ್ಟು ಈಜಲು ಹೆಣಗಿದರೂ, ಮುಂದೆ ಸಾಗಿದಾಗ ಆಗುವಂತೆ ದೃಶ್ಯ ಹಿಂದೆ ಸರಿಯದು. ಕೊನೆಗೆ ಮೀನು ಪ್ರಯತ್ನವನ್ನೇ ಕೈಬಿಡುತ್ತದೆ. 2019ರಲ್ಲಿ ಪ್ರಕಟವಾದ ಇವರ ಶೋಧದ ಪ್ರಕಾರ, ಪ್ರತಿ ಸೋಲಿನ ಸುದ್ದಿಯನ್ನೂ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊತ್ತು ತರುತ್ತದೆ. ಗ್ಲಯಾ ಕೋಶದ ಆಲ್ಫಾ-1 ಗ್ರಾಹಕ ಅದನ್ನು ಹಿಡಿಯುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತಾ ಹೋಗಿ, ಒಂದು ಮಿತಿ ದಾಟಿದಾಗ ಈಜು ನಿಲ್ಲುತ್ತದೆ. ಆ ಗ್ಲಯಾ ಕೋಶಗಳನ್ನು ನಿಷ್ಕ್ರಿಯಗೊಳಿಸಿದರೆ ಮೀನು ಸುಲಭಕ್ಕೆ ಪಟ್ಟು ಬಿಡುವುದಿಲ್ಲ. ಸೋಲುಗಳ ಲೆಕ್ಕ ಇಟ್ಟದ್ದು ನರಕೋಶವಲ್ಲ, ಗ್ಲಯಾ.

ಇದು ಮೀನಿನ ಕತೆಯಷ್ಟೇ ಅಲ್ಲ. ಆಲ್ಫಾ-1 ಗ್ರಾಹಕ ನಮ್ಮಲ್ಲೂ ಇದೆ. ರಕ್ತದೊತ್ತಡಕ್ಕೆ ವೈದ್ಯರು ಬರೆದುಕೊಡುವ ಪ್ರಾಜೋಸಿನ್ ತಡೆಯುವುದು ಅದನ್ನೇ. ಔಷಧ ಹುಡುಕುವುದು ಗ್ರಾಹಕವನ್ನು. ಅದು ಯಾವ ಕೋಶದ ಮೇಲಿದೆ ಎಂಬ ವಿಚಾರಣೆ ಅದಕ್ಕಿಲ್ಲ. ಹಾಗಾಗಿ ಮಿದುಳಿಗೆ ತಲುಪುವ ಯಾವುದೇ ಔಷಧದ ಪರಿಣಾಮವನ್ನು ನರಕೋಶಗಳಿಂದಷ್ಟೇ ವಿವರಿಸಿದರೆ, ಅದು ಅರ್ಧ ವಿವರಣೆ ಮಾತ್ರ ಆಗಿರಬಹುದು.