ಹಲವು ಊರುಗಳ ವಿಮಾನ ಪಯಣ: ದಾರಿಯನ್ನು ನಾವೇ ಆರಿಸೋಣ

ಬೆಳ್ತಂಗಡಿಯಿಂದ ಮಂಗಳೂರಿಗೆ ಬಂಟ್ವಾಳದ ಮೂಲಕವೂ ಹೋಗಬಹುದು, ವೇಣೂರು ಮೂಡುಬಿದಿರೆಯ ಮೂಲಕವೂ ಹೋಗಬಹುದು. ಯಾವ ದಾರಿಯ ಬಸ್ಸು ಎಂದು ಹತ್ತುವ ಮೊದಲೇ ನಾವು ಕೇಳಿಕೊಳ್ಳುತ್ತೇವೆ. ಆದರೆ ಲಕ್ಷಗಟ್ಟಲೆ ಹಣ ಕೊಟ್ಟು ವಿಮಾನದ ಟಿಕೆಟು ತೆಗೆಯುವಾಗ ದರವನ್ನಷ್ಟೇ ನೋಡಿ ದಾರಿಯನ್ನು ಕಂಪ್ಯೂಟರಿಗೆ ಬಿಟ್ಟುಬಿಡುತ್ತೇವೆ!

ಇಂದು ನಮ್ಮ ಎಷ್ಟೋ ಕುಟುಂಬಗಳಲ್ಲಿ ಮಗ ಕೊಲ್ಲಿಯಲ್ಲಿದ್ದರೆ ಮಗಳು ಯುರೋಪಿನಲ್ಲಿ ನರ್ಸ್. ಮೊಮ್ಮಗುವಿನ ಜ್ಞಾನಸ್ನಾನಕ್ಕೆಂದು ಹೊರಟ ಹೆತ್ತವರಿಗೆ ಫಾತಿಮಾ, ಲೂರ್ಡ್ಸ್, ರೋಮ್ ಪುಣ್ಯಕ್ಷೇತ್ರಗಳನ್ನೂ ನೋಡಿ ಬರುವ ಆಸೆ. ಆದರೆ ದಾರಿ ತಪ್ಪಾಗಿ ಆರಿಸಿದರೆ ಕಷ್ಟಪಡುವವರು ಟಿಕೆಟು ತೆಗೆದ ಮಕ್ಕಳಲ್ಲ. ಭಾಷೆ ತಿಳಿಯದ ಊರಿನ ನಿಲ್ದಾಣದಲ್ಲಿ ರಾತ್ರಿಯಿಡೀ ಕುಳಿತಿರಬೇಕಾದ ಹಿರಿಯರು. ಆದುದರಿಂದ ಕೆಲವು ವಿಷಯಗಳನ್ನು ತಿಳಿದುಕೊಳ್ಳೋಣ.

ಮೊದಲನೆಯದು, ಊರುಗಳ ಕ್ರಮ. ಮಗಳು ಐರ್ಲೆಂಡಿನಲ್ಲಿ, ಮಗ ದುಬಾಯಿಯಲ್ಲಿ ಇದ್ದಾರೆಂದು ಭಾವಿಸೋಣ. ಡಬ್ಲಿನ್, ಲಿಸ್ಬನ್, ಲೂರ್ಡ್ಸ್, ರೋಮ್, ದುಬಾಯಿ, ಮಂಗಳೂರು ಎಂದು ಪಶ್ಚಿಮದಿಂದ ಪೂರ್ವಕ್ಕೆ ಬಂದರೆ ಹೋದ ದಾರಿಯಲ್ಲೇ ಮರಳಬೇಕಿಲ್ಲ. ಫಾತಿಮಾಕ್ಕೆ ಲಿಸ್ಬನ್ನಿನಿಂದ ಬಸ್ಸಿದೆ. ಲೂರ್ಡ್ಸ್‌ಗೆ ಟೂಲೂಸ್ ನಗರದಲ್ಲಿ ಇಳಿದು ರೈಲಿನಲ್ಲಿ ಹೋಗಬಹುದು. ಟಿಕೆಟು ತೆಗೆಯುವಾಗ ‘ರೌಂಡ್ ಟ್ರಿಪ್’ ಬಿಟ್ಟು ‘ಮಲ್ಟಿ ಸಿಟಿ’ ಆರಿಸಿ, ಪ್ರತಿ ಊರನ್ನೂ ದಿನಾಂಕವನ್ನೂ ನಾವೇ ತುಂಬಬೇಕು.

ಈ ಕ್ರಮಕ್ಕೂ ವೀಸಾಕ್ಕೂ ಸಂಬಂಧವಿದೆ. ಪೋರ್ಚುಗಲ್, ಫ್ರಾನ್ಸ್, ಇಟಲಿಗಳಿಗೆ ಒಂದೇ ಶೆಂಗೆನ್ ವೀಸಾ ಸಾಕು. ಐರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ರೋಮಿನಿಂದ ಡಬ್ಲಿನ್ನಿಗೆ ಹೋಗಿ ಮತ್ತೆ ಲಿಸ್ಬನ್ನಿಗೆ ಬರುವುದಾದರೆ ಒಂದೇ ಪ್ರವೇಶದ ಶೆಂಗೆನ್ ವೀಸಾ ಸಾಲದು. ಶೆಂಗೆನ್ ನಾಡುಗಳಲ್ಲಿ ಹೆಚ್ಚು ದಿನ ಎಲ್ಲಿರುತ್ತೇವೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

ಎರಡನೆಯದು, ವಿಮಾನ ಬದಲಿಸುವ ಊರು. ಮಂಗಳೂರಿನಿಂದ ಯುರೋಪಿಗೆ ನೇರ ವಿಮಾನವಿಲ್ಲ, ಎಲ್ಲಾದರೂ ಇಳಿಯಲೇಬೇಕು. ‘ಗೂಗಲ್ ಫ್ಲೈಟ್ಸ್’ನಲ್ಲಿ ಎಷ್ಟು ಕಡೆ ನಿಲ್ಲಬೇಕು, ಯಾವ ನಿಲ್ದಾಣ ಬೇಡ ಎಂದು ಆರಿಸಲು ಸಾಧ್ಯವಿದೆ. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಲಂಡನ್ನಿನಲ್ಲಿ ಬದಲಿಸಲು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ನಿಲ್ದಾಣದ ಹೆಸರನ್ನೂ ಗಮನಿಸಬೇಕು. ಪ್ಯಾರಿಸಿನಲ್ಲಿ ಶಾರ್ಲ್ ದ ಗಾಲ್, ಓರ್ಲಿ ಎಂಬ ಎರಡು ನಿಲ್ದಾಣಗಳಿವೆ. 2025ರ ಡಿಸೆಂಬರಿನಿಂದ ಮುಂಬಯಿಗೂ ನವಿ ಮುಂಬಯಿಯ ಎರಡನೆಯ ನಿಲ್ದಾಣ ಬಂದಿದೆ.

ಮೂರನೆಯದು, ನಡುವಿನ ಸಮಯ. ಒಂದು ಗಂಟೆ ಎಂದರೆ ಹಿರಿಯರಿಗೆ ಓಟ. ಹನ್ನೆರಡು ಗಂಟೆ ಎಂದರೆ ಶಿಕ್ಷೆ. ಮೂರು ನಾಲ್ಕು ಗಂಟೆ ಇದ್ದರೆ ನೆಮ್ಮದಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟು ತೆಗೆಯುವಾಗಲೇ ಹೇಳಿಡಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ನಿಂತರೆ ಅದು ಬರಿಯ ವಿಮಾನ ಬದಲಾವಣೆಯಲ್ಲ, ಬೇರೆಯೇ ತಂಗುವಿಕೆ, ದರವೂ ಏರಬಹುದು. ಮಗನ ಮನೆಯಲ್ಲಿ ನಾಲ್ಕು ದಿನ ಇರುವುದಾದರೆ ದುಬಾಯಿಯನ್ನು ಪ್ರತ್ಯೇಕ ಊರಾಗಿ ಬರೆದು ಅಲ್ಲಿನ ವೀಸಾವನ್ನೂ ಮಾಡಿಸಬೇಕು.

ನಾಲ್ಕನೆಯದು, ಒಂದೇ ಟಿಕೆಟು. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಒಂದೇ ಟಿಕೆಟಿನಲ್ಲಿದ್ದವರಿಗೆ ಬೇರೆ ವಿಮಾನ ಒದಗಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟಾದರೆ ಎರಡನೆಯ ಕಂಪನಿಗೆ ಆ ಹೊಣೆಯಿಲ್ಲ. ಪೆಟ್ಟಿಗೆಗಳನ್ನೂ ನಾವೇ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಬಹುದು. ಅದಕ್ಕೆ ಆ ದೇಶದ ವೀಸಾ ಬೇಕಾದೀತು. 2025ರ ಜೂನ್ 23ರಂದು ಕತಾರ್ ತನ್ನ ಆಕಾಶಮಾರ್ಗವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾಕ್ಕೆ ಹೊರಟಿದ್ದ ವಿಮಾನಗಳು ಬೇರೆಡೆ ಇಳಿಯಬೇಕಾಯಿತು. ಇಂತಹ ದಿನ ಒಂದೇ ಟಿಕೆಟಿನ ಬೆಲೆ ತಿಳಿಯುತ್ತದೆ. ಅಗ್ಗದ ಟಿಕೆಟಿನಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂಬ ಮಾತು ಕಂಡರೆ ಅವು ಬೇರೆ ಬೇರೆ ಟಿಕೆಟುಗಳೆಂದು ತಿಳಿಯೋಣ. ಇನ್ನೊಂದು ಮಾತು: ಟಿಕೆಟಿನಲ್ಲಿರುವ ಒಂದು ಹಾರಾಟವನ್ನು ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಮುಂದಿನವೆಲ್ಲ ರದ್ದಾಗುತ್ತವೆ.

ಕೊನೆಯದು, ನಮ್ಮ ಊರಿನ ದಾರಿ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ, ಹೊಸ ಅಕ್ಕಿಯ ಊಟಕ್ಕೆ ಮನೆಗೆ ಬರುವವರು ಅನೇಕರು. ಅದು ಮಳೆಗಾಲ. 2018ರ ಆಗಸ್ಟಿನಲ್ಲೂ 2024ರ ಜುಲೈಯಲ್ಲೂ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತ್ತು. ಬೆಂಗಳೂರಿನಿಂದ ವಿಮಾನ ಹತ್ತುವವರು ಒಂದು ದಿನ ಮೊದಲೇ ಅಲ್ಲಿಗೆ ತಲುಪುವುದು ಲೇಸು. ಸಾಧ್ಯವಿದ್ದರೆ ಮಂಗಳೂರಿನಿಂದಲೇ ಆರಂಭವಾಗುವ ಒಂದೇ ಟಿಕೆಟು ಇನ್ನೂ ಲೇಸು. ವಿದೇಶದಿಂದ ಬಂದು ಮುಂಬಯಿ ಅಥವಾ ಬೆಂಗಳೂರಿನಲ್ಲಿ ವಿಮಾನ ಬದಲಿಸುವಾಗ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಅಲ್ಲೇ ಬಿಡಿಸಿ ಕಸ್ಟಮ್ಸ್ ಮುಗಿಸಬೇಕು. ಅದಕ್ಕೂ ಸಮಯವಿರಲಿ.

ಟ್ರಾವೆಲ್ ಏಜೆಂಟರ ಬಳಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಊರುಗಳ ಕ್ರಮ, ಎಲ್ಲಿ ಎಷ್ಟು ದಿನ, ಎಲ್ಲಿ ಎಷ್ಟು ಗಂಟೆ, ಯಾವ ವೀಸಾ ಎಂದು ಬರೆದುಕೊಳ್ಳೋಣ. ಪ್ರಯಾಣ ಮಾಡುವ ಹಿರಿಯರಿಗೇ ಅದನ್ನು ಓದಿ ಹೇಳೋಣ. ಐದು ಸಾವಿರ ರೂಪಾಯಿ ಉಳಿಸುವುದಕ್ಕಿಂತ ಅಪ್ಪ ಅಮ್ಮ ದಣಿಯದೆ ಮೊಮ್ಮಗುವಿನ ಬಳಿ ತಲುಪುವುದು ದೊಡ್ಡದಲ್ಲವೇ?